ಸೊನ್ನೆ ದನಿ

ನನ್ನ ದನಿಗೆ ಸರ್ಕಾರ ಕೊಟ್ಟ ಅಂಕ ಸೊನ್ನೆ. ಅದೇ ನನ್ನ ಕೆಲಸವೂ ಆಗಿತ್ತು. ಕೆಂಚನಪೇಟೆಯ ಆಲಿಕೆ ಕೇಂದ್ರದಲ್ಲಿ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಗಾಜಿನ ಕೋಣೆಯೊಳಗೆ ಹೋಗಿ, ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡು, 'ಹೊಲಿದ ಕೈಗೆ ಪಾಲು ಕೊಡಿ, ಕೊಡದಿದ್ದರೆ ಗೇಟು ಬಿಡಿ' ಎಂದು ಮೂರು ಸಲ ಕೂಗಬೇಕು. ಮೀಟರಿನ ಮುಳ್ಳು ಎಡಗಡೆಯ ತುದಿಯಲ್ಲಿ ಅಲ್ಲಾಡದೆ ನಿಂತಿರುತ್ತಿತ್ತು. ಅಂಗಡಿಯವನು ಸಾಮಾನು ಹಾಕುವ ಮೊದಲು ಬರಿ ತಕ್ಕಡಿಯನ್ನು ಸರಿದೂಗಿಸಿಕೊಳ್ಳುತ್ತಾನಲ್ಲ, ಹಾಗೆ ಆಪರೇಟರ್ ಫಯಾಜ್ ನನ್ನ ದನಿಯ ಮೇಲೆ ಸೊನ್ನೆ ಹಿಡಿದುಕೊಂಡು, "ಆಯ್ತು ಕೊಟ್ರಮ್ಮಕ್ಕ, ಈಚೆ ಬನ್ನಿ" ಎನ್ನುತ್ತಿದ್ದ. ಆಮೇಲೆ ದೂರು ಹೇಳುವ ಜನಕ್ಕೆ ಬಾಗಿಲು ತೆರೆಯುತ್ತಿದ್ದರು.

ಮೀಟರಿನ ಪೂರ್ತಿ ಹೆಸರು ನಡುಕಮಾಪಕ. ನಮ್ಮ ಗಂಟಲಲ್ಲಿ ದನಿ ಹೊರಡಿಸುವ ಎರಡು ಪುಟ್ಟ ಮಡಿಕೆಗಳಿವೆ. ಈ ಮಾತು ಆಡಿದರೆ ಏನನ್ನೋ ಕಳೆದುಕೊಳ್ಳುತ್ತೇನೆ ಎಂದು ಗೊತ್ತಿದ್ದೂ ಮನುಷ್ಯ ಬಾಯಿ ತೆರೆದಾಗ, ಆ ಮಡಿಕೆಗಳನ್ನು ಬಿಗಿಹಿಡಿದ ಸ್ನಾಯು ಸೆಕೆಂಡಿಗೆ ಹತ್ತು ಸಲ ನಡುಗುತ್ತದಂತೆ. ಕಿವಿಗೆ ಅದು ಕೇಳುವುದಿಲ್ಲ, ಕೊರಳಿನ ಪಟ್ಟಿಗೆ ಸಿಗುತ್ತದೆ. ಬೇಕೆಂದು ನಡುಗಿಸಲು ಯಾರಿಂದಲೂ ಆಗದು. ಯಂತ್ರಗಳು ಮನುಷ್ಯರ ದನಿಯಲ್ಲಿ ದಿನಕ್ಕೆ ಲಕ್ಷ ದೂರು ಹೇಳತೊಡಗಿ, ಬಾಡಿಗೆಗೆ ತಂದ ಮೆರವಣಿಗೆ ಯಾವುದು, ನಿಜದ ಮೆರವಣಿಗೆ ಯಾವುದು ಎಂದು ತಿಳಿಯದಂತಾದ ಮೇಲೆ, ದೂರನ್ನು ಈ ಮೀಟರಿನ ಮುಂದೆಯೇ ಹೇಳಬೇಕೆಂಬ ಕಾನೂನು ಬಂತು. ಪರದೆಯ ಅಂಕಿಯನ್ನು ಯಾರೂ ನಂಬದ ಕಾಲವಾದ್ದರಿಂದ ಹಳೆಯ ಥರದ ಮುಳ್ಳನ್ನೇ ಇಟ್ಟಿದ್ದರು. ಒಂದು ಮಾತಿಗೆ ಅರವತ್ತರ ಮೇಲೆ ಬಂದರೆ ಹದಿನೈದು ದಿನದೊಳಗೆ ತನಿಖೆ ಆಗಲೇಬೇಕು, ಯಾವ ಮಂತ್ರಿಯೂ ತಡೆಯುವಂತಿಲ್ಲ.

ಇದರಲ್ಲಿ ಒಂದು ಗುಟ್ಟಿದೆ. ಅದು ಕೇಂದ್ರದವರಿಗಷ್ಟೇ ಗೊತ್ತು, ಹೊರಗೆ ಹೇಳುವಂತಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಆಡಿ ರೂಢಿಯಾದರೆ ನಡುಕ ಸತ್ತುಹೋಗುತ್ತದೆ. ಜನ ಅದನ್ನು ಸತ್ಯದ ಮೀಟರು ಎಂದುಕೊಂಡಿದ್ದರು. ಅದು ಸತ್ಯವನ್ನೂ ಅಳೆಯುವುದಿಲ್ಲ, ಧೈರ್ಯವನ್ನೂ ಅಳೆಯುವುದಿಲ್ಲ. ಭಯವನ್ನು ಅಳೆಯುತ್ತದೆ, ಅಷ್ಟೇ.

ನನಗೆ ಭಯ ಹೋಗಿ ಮೂವತ್ತೇಳು ವರ್ಷವಾಯಿತು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಈ ಊರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯ ಸಾವಿರದ ಇನ್ನೂರು ಹೆಣ್ಣುಮಕ್ಕಳನ್ನು ಹೆದ್ದಾರಿಯಲ್ಲಿ ಕೂರಿಸಿದವಳು ನಾನು. ಹದಿನೇಳು ದಿನ ಜೈಲಿನಲ್ಲಿದ್ದೆ. ಆಮೇಲೆ ಊರಿನ ಯಾವ ಹೋರಾಟವೂ ನನ್ನ ಗಂಟಲಿಲ್ಲದೆ ನಡೆದಿಲ್ಲ. ಕೇಂದ್ರ ತೆರೆದ ಮೊದಲ ವಾರವೇ ಬಸ್‌ಸ್ಟ್ಯಾಂಡಿನ ಹೆಂಗಸರ ಶೌಚಾಲಯದ ದೂರು ಹೊತ್ತು ಹೋಗಿ, ಗಾಜು ಅದುರುವಂತೆ ಮಾತಾಡಿದೆ. ಮುಳ್ಳು ಸೊನ್ನೆಯಲ್ಲಿ ನಿಂತಿತ್ತು. ಫಯಾಜ್ ಮೀಟರು ಕೆಟ್ಟಿರಬೇಕೆಂದು ಬೆರಳಿನಿಂದ ತಟ್ಟಿ ನೋಡಿದ. ರಾಜಧಾನಿಯಿಂದ ಬಂದ ಎಂಜಿನಿಯರ್ ನನ್ನ ದನಿಯನ್ನು ನಾಲ್ಕು ಸಲ ಕೇಳಿ, "ಇಷ್ಟು ಪಳಗಿದ ದನಿ ಎಲ್ಲೂ ಸಿಕ್ಕಿರಲಿಲ್ಲ, ಸೊನ್ನೆ ಹಿಡಿಯೋಕೆ ಇವರನ್ನೇ ಇಟ್ಕೊಳ್ಳಿ" ಎಂದು ಬರೆದುಕೊಟ್ಟು ಹೋದ. ಜೈಲಿಗೆ ಹೋಗಿಬಂದ ಗಂಟಲಿಗೆ ಕೊನೆಗೆ ಸಿಕ್ಕ ಮರ್ಯಾದೆ ಇದು. ನಗುತ್ತಲೇ ಒಪ್ಪಿಕೊಂಡೆ, ಒಳಗೆ ಮಾತ್ರ ಚುಚ್ಚುತ್ತಿತ್ತು.

ನನ್ನ ಮಗಳ ಹೆಸರು ಇಂಚರ. ನನ್ನ ದನಿ ಅವಳಿಗೂ ಬರಲಿ ಎಂದು ಆಸೆಪಟ್ಟು ಇಟ್ಟ ಹೆಸರು. ಬಂದದ್ದು ಅವರಪ್ಪನ ದನಿ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು, ಇದ್ದಾಗಲೂ ಮನೆಯಲ್ಲಿ ಅವರ ದನಿ ಕೇಳಿದ್ದು ಕಮ್ಮಿ. ಇವಳೂ ಹಾಗೆಯೇ, ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಸುಮ್ಮನೆ ಇಳಿದು ಬರುವವಳು. ಮೆರವಣಿಗೆಗೆ ಕರೆದುಕೊಂಡು ಹೋದರೆ ನನ್ನ ಸೆರಗಿನ ಹಿಂದೆ ಅಡಗುತ್ತಿದ್ದಳು. ರಸಾಯನಶಾಸ್ತ್ರ ಓದಿ, ನಗರದ ಜಲಶುದ್ಧಿ ಘಟಕದಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದಳು. ಗುತ್ತಿಗೆ ಕೆಲಸ, ವರ್ಷವರ್ಷವೂ ಮುಂದುವರಿಸುತ್ತಾರೆ. 'ಕೊಟ್ರಮ್ಮನ ಮಗಳು ಇವಳೇನಾ?' ಎಂದು ಜನ ಕೇಳಿದಾಗ ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯ ಕೆಳಗೆ ಒಂದಿಷ್ಟು ಸಮಾಧಾನವೂ ಇತ್ತು. ಅದನ್ನು ನಾನು ಆಗ ನೋಡಿರಲಿಲ್ಲ.

ಆಷಾಢದ ಒಂದು ಮಂಗಳವಾರ, ನಾನು ಸೊನ್ನೆ ಕೊಟ್ಟು ಬಂದು ಕಂಟ್ರೋಲ್ ರೂಮಿನಲ್ಲಿ ಫಯಾಜನ ಪಕ್ಕ ಚಹಾ ಕುಡಿಯುತ್ತಿದ್ದೆ. ಒಳಗಿನಿಂದ ನಮಗೆ ಗಾಜಿನ ಕೋಣೆ ಕಾಣುತ್ತದೆ, ಅವರಿಗೆ ನಾವು ಕಾಣುವುದಿಲ್ಲ. ಬಾಗಿಲು ತೆರೆದು ಒಳಗೆ ಬಂದವಳು ಇಂಚರ. ನಾನು ಲೋಟ ಕೆಳಗಿಟ್ಟೆ.

"ನಾನು ಘಟಕದಲ್ಲಿ ನೀರು ಪರೀಕ್ಷೆ ಮಾಡೋಳು," ಎಂದಳು. ಮೂರು ಸಲ ಎಂಜಲು ನುಂಗಿದಳು. "ಹೊರಗಿನ ಬೋರ್ಡಲ್ಲಿ ಫ್ಲೋರೈಡು ಸೊನ್ನೆ ಪಾಯಿಂಟ್ ಒಂಬತ್ತು ಅಂತ ತೋರಿಸ್ತಿದ್ದಾರೆ. ಅದು ನಾಲ್ಕು ವರ್ಷದ ಹಿಂದಿನ ಅಂಕಿ. ಸೋಸೋ ಹರಳು ಸವೆದುಹೋಗಿದೆ, ಬದಲಾಯಿಸಿಲ್ಲ. ಒಂದೂವರೆ ದಾಟಬಾರ್ದು. ನನಗೆ ಮೂರು ಪಾಯಿಂಟ್ ಎಂಟು ಬರ್ತಿದೆ. ನಾನು ಬರೆದ ಅಂಕಿ ತಿದ್ದಿ, ನನ್ನ ಕೈಲೇ ಸಹಿ ಹಾಕಿಸ್ಕೊಂಡಿದ್ದಾರೆ. ಮೊದಲನೇ ತಿಂಗಳು ನಾನೂ ಹಾಕಿದೀನಿ." ಅಲ್ಲಿಗೆ ನಿಂತಳು. ಆಮೇಲೆ, "ಈ ನೀರು ಕುಡಿಯೋ ಮಕ್ಕಳಿಗೆ ಬರೋ ಹೊಸ ಹಲ್ಲು ಕಂದುಗಟ್ಟುತ್ತೆ. ಅದು ತಿರುಗಿ ಬೆಳ್ಳಗಾಗಲ್ಲ" ಎಂದಳು.

ಪಿಸುಮಾತಿಗಿಂತ ಒಂದು ಬೆರಳು ಮೇಲಿನ ದನಿ. ನಾನಾಗಿದ್ದರೆ ಇನ್ನೊಂದು ಸಲ ಹೇಳು ಎನ್ನುತ್ತಿದ್ದೆ. ಆದರೆ ಮುಳ್ಳು ಏಳತೊಡಗಿತ್ತು. ನಲವತ್ತು, ಅರವತ್ತೈದು, ಎಪ್ಪತ್ತು.

"ಕೊಟ್ರಮ್ಮಕ್ಕ, ಎಂಬತ್ತೊಂದು!" ಫಯಾಜ್ ಕುರ್ಚಿಯಿಂದ ಎದ್ದು ನಿಂತ. "ಈ ಕೇಂದ್ರದಲ್ಲಿ ಇಷ್ಟು ಯಾರಿಗೂ ಬಂದಿಲ್ಲ. ಯಾರಿದು ಹುಡುಗಿ?"

"ನನ್ನ ಮಗಳು," ಎಂದೆ. ಹೆಮ್ಮೆಯಿಂದ ಹೇಳಬೇಕಾದ ಮಾತು, ಕಹಿಯಾಗಿ ಹೊರಬಂತು.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಓರಗಿತ್ತಿಯ ಮನೆ ನೋಡಿ ಪಟ್ಟಿದ್ದೇನೆ, ನನಗಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸಿದ ಭಾಷಣಕಾರರನ್ನು ಕಂಡು ಪಟ್ಟಿದ್ದೇನೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮೇಲೆ ಪಡುತ್ತೇನೆಂದು ಮಾತ್ರ ಎಣಿಸಿರಲಿಲ್ಲ. ಲಾಠಿ ತಿಂದವಳು ನಾನು, ಹದಿನೇಳು ದಿನ ಸಿಮೆಂಟ್ ನೆಲದ ಮೇಲೆ ಮಲಗಿದವಳು ನಾನು. ನನಗೆ ಸೊನ್ನೆ, ಸೆರಗಿನ ಹಿಂದೆ ಅಡಗಿದವಳಿಗೆ ಎಂಬತ್ತೊಂದು.

ಸಂಜೆ ಅವಳು ಮನೆಗೆ ಬಂದು ಕೈಕಾಲು ತೊಳೆಯುವವರೆಗೂ ತಡೆದುಕೊಂಡೆ.

"ಗಾಜಿನ ಹಿಂದೆ ನಾನಿದ್ದೆ," ಎಂದೆ. "ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ಅವಳು ಟವೆಲಿನಿಂದ ಮುಖ ಒರೆಸುತ್ತಾ ನಿಂತಳು. "ಹೇಳಿದ್ರೆ ಮಾರನೇ ದಿನನೇ ನೂರು ಜನ ಕರ್ಕೊಂಡು ಘಟಕದ ಗೇಟಿಗೆ ಕೂರ್ತಿದ್ದೆ ಅವ್ವ. ಅವ್ರು ನಾಲ್ಕು ದಿನ ಟ್ಯಾಂಕರ್ ನೀರು ಬಿಟ್ಟು, ನೀವೆಲ್ಲ ಎದ್ದು ಹೋದ್ಮೇಲೆ ಮತ್ತೆ ಇದನ್ನೇ ಬಿಡ್ತಿದ್ರು. ಎಂಟು ತಿಂಗಳಿಂದ ಒಂದೊಂದು ಅಂಕಿ ಕೂಡಿಸ್ಕೊಂಡಿದೀನಿ. ಅದು ಹಂಗೆ ಹಾಳಾಗ್ಬಾರ್ದು."

"ಗೇಟಿಗೆ ಕೂತೇ ಕಣೆ ನಿಮ್ಮಂಥೋರಿಗೆ ಎಂಟು ಗಂಟೆ ಕೆಲಸ ಬಂದಿದ್ದು. ಒಬ್ಬಳೇ ಡಬ್ಬಿಯೊಳಗೆ ಕೂತು ಪಿಸುಗುಟ್ಟೋದಕ್ಕೆ ಈಗ ಹೋರಾಟ ಅಂತಾರಾ?"

"ಹೋರಾಟ ಅಂತ ನಾನೆಲ್ಲಿ ಅಂದೆ?" ಅವಳ ಕಣ್ಣು ತುಂಬಿಬಂತು. "ಮುಂದಿನ ತಿಂಗಳು ನನ್ನ ಗುತ್ತಿಗೆ ಮುಗಿಯುತ್ತೆ, ಮತ್ತೆ ಯಾರೂ ಕರೆಯಲ್ಲ. ಸಹಿ ಹಾಕಿದ್ದಕ್ಕೆ ಕೇಸೂ ಆಗ್ಬಹುದು. ನಂಗೆ ಊಟ ಸೇರ್ತಿಲ್ಲ. ನಿಂಗೇನವ್ವ, ನಿಂಗೆ ಭಯನೇ ಆಗ್ತಿರ್ಲಿಲ್ಲ. ನಿಂಗೆ ಸುಲಭ ಇತ್ತು."

ಸುಲಭ ಇತ್ತಂತೆ! ಮೊದಲನೇ ದಿನ ಫ್ಯಾಕ್ಟರಿ ಗೇಟಿನ ಮುಂದೆ ನನ್ನ ಬಾಯಿಂದ ದನಿಯೇ ಹೊರಟಿರಲಿಲ್ಲ. ಮೊಣಕಾಲು ಒಂದಕ್ಕೊಂದು ಬಡಿಯುತ್ತಿತ್ತು. ಪಕ್ಕದಲ್ಲಿದ್ದವಳು ನನ್ನ ಸೊಂಟಕ್ಕೆ ಗುದ್ದಿದ ಮೇಲೆ ಕೀರಲಾಗಿ ಹೊರಬಂದ ಕೂಗು ಅದು. ಅವತ್ತು ಯಾರಾದರೂ ನನ್ನ ಕೊರಳಿಗೆ ಪಟ್ಟಿ ಕಟ್ಟಿದ್ದರೆ ತೊಂಬತ್ತು ಬರುತ್ತಿತ್ತು ಎಂದು ಎದೆ ತಟ್ಟಿ ಹೇಳುತ್ತೇನೆ. ಯಾರೂ ಕಟ್ಟಲಿಲ್ಲ. ನನ್ನ ನಡುಕಕ್ಕೆ ಎಲ್ಲೂ ದಾಖಲೆ ಇಲ್ಲ. ಇವಳದ್ದು ಸರ್ಕಾರಿ ಕಾಗದದ ಮೇಲೆ ಮೊಹರಿನ ಸಮೇತ ಇದೆ.

ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಶುಕ್ರವಾರ ಬೆಳಿಗ್ಗೆ ನೀಲಗಾರರ ಓಣಿಯ ಹೆಂಗಸೊಬ್ಬಳು ಏಳು ವರ್ಷದ ಮಗಳ ಕೈಹಿಡಿದು ನಮ್ಮ ಮನೆಗೆ ಬಂದಳು. ಮೂವತ್ತು ವರ್ಷದಿಂದ ಈ ಬಾಗಿಲಿಗೆ ಬಂದವರೆಲ್ಲ ನನ್ನನ್ನು ಕೇಳಿಕೊಂಡೇ ಬಂದವರು. ಅಭ್ಯಾಸಬಲದಿಂದ ಕುರ್ಚಿ ಎಳೆದು, "ಕೂತ್ಕಳಮ್ಮ, ಏನಾಯ್ತು ಹೇಳು" ಎಂದೆ.

"ಇಂಚರಕ್ಕ ಇಲ್ವಾ?" ಎಂದು ಅವಳು ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು. ಇಂಚರ ಬಂದು ಮಗುವಿನ ಬಾಯಿ ತೆರೆಸಿ ನೋಡಿದಳು. ಹೊಸದಾಗಿ ಬಂದ ಎರಡು ಮುಂದಿನ ಹಲ್ಲಿನ ಮೇಲೆ ಕಂದು ಗೆರೆ. ಆ ಹೆಂಗಸು ನನ್ನ ಮಗಳ ಕೈ ಹಿಡಿದುಕೊಂಡು ಅತ್ತಳು. ನಾನು ಎಳೆದ ಕುರ್ಚಿ ಖಾಲಿಯೇ ಇತ್ತು, ಅದರಲ್ಲಿ ನಾನೇ ಕೂತೆ. ಮಗುವಿನ ಹಲ್ಲು ನೋಡಿ ಕರುಳು ಹಿಂಡಬೇಕಿತ್ತು. ನನಗೆ ಕಂಡದ್ದು ಅವಳು ಹಿಡಿದುಕೊಂಡ ಆ ಕೈ ಮಾತ್ರ.

ಕಾನೂನಿನ ಪ್ರಕಾರ ಮೊದಲ ದಾಖಲಿನ ನಂತರ, ತನಿಖೆಗೆ ಮುಂಚೆ, ಎದುರುಬದುರು ಆಲಿಕೆ ಇರುತ್ತದೆ. ಘಟಕದ ಅಧಿಕಾರಿಗಳ ಮುಂದೆ, ಸಾರ್ವಜನಿಕರ ಮುಂದೆ ಅದೇ ಮಾತನ್ನು ಮತ್ತೆ ಹೇಳಬೇಕು. ಅಲ್ಲೂ ಅರವತ್ತು ದಾಟಬೇಕು. ಇಪ್ಪತ್ತಕ್ಕಿಂತ ಕೆಳಗಿಳಿದರೆ ದೂರು ಮುಚ್ಚಿಹೋಗುತ್ತದೆ, ಒಂದು ವರ್ಷ ಆ ವಿಷಯವನ್ನು ಯಾರೂ ತರುವಂತಿಲ್ಲ. ಆಲಿಕೆಯನ್ನು ಯಾರೋ ಕೆಡಿಸಿದ್ದಾರೆಂದು ಬೇರೊಬ್ಬರು ಬಂದು ಅರವತ್ತರ ಮೇಲಿನ ದನಿಯಲ್ಲಿ ಹೇಳಿದರೆ ಮಾತ್ರ ಅದು ರದ್ದಾಗಿ, ಮೊದಲ ಅಂಕವೇ ಉಳಿಯುತ್ತದೆ. ಹಾಗೆ ಹೇಳಲು ನಮ್ಮ ಕೇಂದ್ರಕ್ಕೆ ಅದುವರೆಗೆ ಯಾರೂ ಬಂದಿರಲಿಲ್ಲ.

ಆಲಿಕೆಗೆ ಆರು ದಿನ ಇರುವಾಗ ಇಂಚರ ನನ್ನ ಪಕ್ಕ ಬಂದು ಕೂತಳು. ಬೆರಳು ಮುಟ್ಟಿ ನೋಡಿದೆ, ತಣ್ಣಗಿತ್ತು.

"ಅವ್ವ, ಅಷ್ಟು ಜನದ ಮುಂದೆ ನಂಗೆ ಬಾಯೇ ಬರಲ್ಲ. ಮೈ ನಡುಗಿದ್ರೆ ನಾನು ಸುಳ್ಳು ಹೇಳ್ತಿದೀನಿ ಅಂದ್ಕೋತಾರೆ ಜನ. ಹೆಂಗೆ ಮಾತಾಡ್ಬೇಕು, ಹೇಳ್ಕೊಡ್ತೀಯಾ?"

ಹುಟ್ಟಿದಾಗಿನಿಂದ ಅವಳು ನನ್ನ ಬಳಿ ಅದೊಂದನ್ನು ಕೇಳಿರಲಿಲ್ಲ. ನಾನು ಹೇಳಬೇಕಾಗಿದ್ದ ಉತ್ತರ ಎರಡೇ ಪದದ್ದು: 'ಹಾಗೇ ನಡುಗು.' ಗುಟ್ಟನ್ನೂ ಬಿಟ್ಟುಕೊಡಬೇಕಿರಲಿಲ್ಲ.

"ನಡಿ, ತಾರಸಿ ಮೇಲೆ," ಎಂದೆ.

ಆರು ಸಂಜೆ, ದಿನಕ್ಕೆ ಏಳು ಸಲ. ಒಣಹಾಕಿದ ಬಟ್ಟೆಗಳನ್ನು ಜನ ಎಂದುಕೊಂಡು ಅವಳು ಮಾತಾಡಬೇಕು, ನಾನು ಮೂಲೆಯ ನೀರಿನ ಟ್ಯಾಂಕಿನ ಬಳಿ ನಿಂತು ಕೇಳಬೇಕು. "ಉಸಿರು ಹೊಟ್ಟೆಯಿಂದ ತಗೋ. ಭುಜ ಇಳಿಸು. ಕೊನೇ ಪದ ನುಂಗ್ಬೇಡ, ಅಲ್ಲೇ ಜನ ಚಪ್ಪಾಳೆ ಹೊಡೆಯೋದು." ಅವಳು ತಪ್ಪಿದಾಗ ಮೊದಲಿನಿಂದ ಹೇಳಿಸುತ್ತಿದ್ದೆ. ಅವಳಿಗೆ ಸಹಾಯ ಮಾಡುತ್ತಿದ್ದೇನೆ ಎಂದು ಮೊದಲ ಸಂಜೆ ಅಂದುಕೊಂಡೆ. ಎರಡನೆಯ ಸಂಜೆ ಹಾಗೆ ಅಂದುಕೊಳ್ಳಲು ಕಷ್ಟವಾಯಿತು, ಆಮೇಲೆ ಅಂದುಕೊಳ್ಳುವ ಗೋಜಿಗೇ ಹೋಗಲಿಲ್ಲ. ಐದನೆಯ ಸಂಜೆ 'ಮೂರು ಪಾಯಿಂಟ್ ಎಂಟು' ಎಂಬುದನ್ನು ಅವಳು ಗಂಟೆ ಬಾರಿಸಿದ ಹಾಗೆ ಹೇಳಿದಳು. ಥೇಟ್ ನನ್ನ ದನಿ. ಪಕ್ಕದ ಮನೆಯವರು ಕಿಟಕಿಯಿಂದ, "ಕೊಟ್ರಮ್ಮ, ಯಾರ ಮೇಲೆ ಕೂಗಾಡ್ತಿದೀಯ?" ಎಂದು ಕೇಳಿದರು. ಇಂಚರ ನಕ್ಕಳು. ಎಷ್ಟೋ ತಿಂಗಳ ನಂತರ ಅವಳು ನಕ್ಕದ್ದು ಅವತ್ತು. ಅವತ್ತು ರಾತ್ರಿ ಎರಡು ಮುದ್ದೆ ಉಂಡಳು. ತಾಯಿಯಾದವಳು ಇನ್ನೇನು ಬಯಸಬೇಕು! ನಾನು ಬಯಸಿದ್ದು ಬೇರೆ.

ಆಲಿಕೆಯ ದಿನ ಕೇಂದ್ರದ ಸಭಾಂಗಣ ತುಂಬಿತ್ತು. ಘಟಕದ ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು. ಇಂಚರ ಎದ್ದು ನಿಂತು, ಭುಜ ಇಳಿಸಿ, ಹೊಟ್ಟೆಯಿಂದ ಉಸಿರೆಳೆದು ಮಾತಾಡಿದಳು. ಒಂದು ಪದವೂ ತೊದಲಲಿಲ್ಲ. ಕೊನೆಯ ಪದಕ್ಕೆ ಸಭೆಯೆಲ್ಲ ಚಪ್ಪಾಳೆ ಹೊಡೆಯಿತು.

ಕಂಟ್ರೋಲ್ ರೂಮಿನಲ್ಲಿ ಫಯಾಜ್ ಮೀಟರನ್ನು ಬೆರಳಿನಿಂದ ತಟ್ಟಿದ. ನನಗೆ ಆ ತಟ್ಟುವಿಕೆ ಗೊತ್ತಿತ್ತು.

"ಹನ್ನೊಂದು," ಎಂದ. ನನ್ನ ಕಡೆ ತಿರುಗಿ ತುಂಬ ಹೊತ್ತು ನೋಡಿದ. "ಅಕ್ಕ, ಆ ಹುಡುಗಿ ಮಾತು ಥೇಟ್ ನಿಮ್ಮ ಹಂಗಿತ್ತು."

ಆ ಕ್ಷಣಕ್ಕೆ, ಒಂದೇ ಒಂದು ಕ್ಷಣಕ್ಕೆ, ನನ್ನ ಹೊಟ್ಟೆ ತಣ್ಣಗಾಯಿತು. ಅದನ್ನು ಮುಚ್ಚಿಡಲಾರೆ.

ಹೊರಗೆ ಅಂಕ ಸಾರಿದರು. ಮುಂದಿನ ಸಾಲಿನವರು ನಕ್ಕು ಕೈ ಕುಲುಕಿಕೊಂಡರು. ಚಪ್ಪಾಳೆ ಹೊಡೆದ ಜನ ಅವಳ ಮುಖ ನೋಡದೆ ಎದ್ದು ಹೋದರು. ನೀಲಗಾರರ ಓಣಿಯ ಹೆಂಗಸು ಬಾಗಿಲಲ್ಲಿ ನಿಂತು, "ಹಂಗಾದ್ರೆ ನೀರು ಚೆನ್ನಾಗೇ ಇದ್ಯಾ?" ಎಂದು ಯಾರನ್ನೋ ಕೇಳುತ್ತಿದ್ದಳು. ಸಂಜೆ ಅವಳ ಮಗಳು ಮತ್ತೆ ಘಟಕದ ನಲ್ಲಿಗೆ ಕೊಡ ಹಿಡಿದದ್ದನ್ನು ನಾನೇ ಕಂಡೆ.

ಮನೆಯಲ್ಲಿ ಇಂಚರ ಎಂಟು ತಿಂಗಳ ಅಂಕಿಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ.

"ಅವ್ವ, ಪರೀಕ್ಷೇಲಿ ನಾನೇ ಎಲ್ಲೋ ತಪ್ಪಿದ್ನಾ?" ಎಂದಳು. "ಮೀಟರು ಸುಳ್ಳು ಹೇಳಲ್ಲ ಅಲ್ವಾ? ಹಂಗಾದ್ರೆ ನಾನೇ ಸುಳ್ಳು ಹೇಳಿದ್ನಾ?"

ಒಮ್ಮೆ ಲಾಠಿ ಏಟಿಗೆ ನನ್ನ ಹಣೆ ಒಡೆದಿತ್ತು. ಈ ಪ್ರಶ್ನೆಯಷ್ಟು ನೋವಾಗಿರಲಿಲ್ಲ. ನನ್ನ ಕಾಲದ ಮಾಲೀಕರು ನಮ್ಮ ಬಾಯಿ ಮುಚ್ಚಿಸಿದ್ದರು. ನಾವು ಹೇಳುತ್ತಿರುವುದು ನಿಜವೋ ಅಲ್ಲವೋ ಎಂದು ನಮಗೇ ಅನುಮಾನ ಬರಿಸಲು ಅವರಿಂದಲೂ ಆಗಿರಲಿಲ್ಲ. ಅದನ್ನು ನಾನು ಮಾಡಿದ್ದೆ, ಆರು ಸಂಜೆಯಲ್ಲಿ.

ಮಾರನೇ ಬೆಳಿಗ್ಗೆ ಒಂಬತ್ತೂವರೆಗೆ ಎಂದಿನಂತೆ ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡೆ. ಫಯಾಜ್ ಸ್ಪೀಕರಿನಲ್ಲಿ "ಕೂಗಿ ಅಕ್ಕ" ಎಂದ. ಘೋಷಣೆ ಬಾಯಿಗೆ ಬರಲಿಲ್ಲ.

"ಫಯಾಜ್," ಎಂದೆ. ಸ್ಪೀಕರಿನಲ್ಲಿ ಅವನ ದನಿ ಬಂತು, "ಅಕ್ಕ, ಸೊನ್ನೆ ಹಿಡೀತಿಲ್ಲ. ಮುಳ್ಳು ಅಲ್ಲಾಡ್ತಿದೆ. ಇನ್ನೊಂದ್ಸಲ ಕೂಗಿ."

"ಕೂಗಲ್ಲ. ನಾನು ಹೇಳೋದನ್ನ ದಾಖಲು ಮಾಡ್ಕೊ."

ಅವನು ದನಿ ತಗ್ಗಿಸಿದ. "ದಾಖಲು ಮಾಡಿದ್ರೆ ನಿಮ್ಮ ಕೆಲಸ ಹೋಗುತ್ತಕ್ಕ."

"ಮಾಡ್ಕೊ."

ಮೊಣಕಾಲು ಒಂದಕ್ಕೊಂದು ಬಡಿಯಿತು. ಪಕ್ಕದಲ್ಲಿ ಸೊಂಟಕ್ಕೆ ಗುದ್ದುವವರು ಯಾರೂ ಇರಲಿಲ್ಲ.

"ನನ್ನ ಹೆಸರು ಕೊಟ್ರಮ್ಮ. ನಿನ್ನೆ ಆಲಿಕೆ ಕೆಡಿಸಿದೋಳು ನಾನು. ಮಾತು ರೂಢಿ ಆದ್ರೆ ನಡುಕ ಸಾಯುತ್ತೆ ಅಂತ ನಂಗೊತ್ತಿತ್ತು. ಗೊತ್ತಿದ್ದೂ ನನ್ನ ಮಗಳಿಗೆ ನಲವತ್ತೆರಡು ಸಲ ಹೇಳಿಸಿದೆ. ಅವಳು ಹೇಳಿದ್ದೆಲ್ಲ ನಿಜ. ನಂಗೆ... ನಂಗೆ ಹೊಟ್ಟೆಕಿಚ್ಚು. ನನ್ನ ಮಗಳ ಮೇಲೆ. ಊರಿನ ಮಕ್ಕಳ ಹಲ್ಲು ಹಾಳಾದ್ರೂ ಚಿಂತೆಯಿಲ್ಲ, ಅವಳು ನನ್ನನ್ನ ಮೀರಬಾರ್ದು ಅನ್ನಿಸ್ತು."

ಅಷ್ಟು ಹೇಳಲು ಐದು ನಿಮಿಷ ಹಿಡಿಯಿತು. ಸಾವಿರದ ಇನ್ನೂರು ಜನರ ಮುಂದೆ ಐದು ನಿಮಿಷದಲ್ಲಿ ಹೆದ್ದಾರಿ ಮುಚ್ಚಿಸಿದವಳು ನಾನು. ಹೊರಗೆ ಬಂದಾಗ ರವಿಕೆ ಬೆವರಿನಿಂದ ಒದ್ದೆಯಾಗಿತ್ತು. ಫಯಾಜ್ ಮೀಟರಿನ ಕಡೆ ಬೆರಳು ತೋರಿಸಿದ. ಕಾಗದದ ಮೇಲೆ ಮೊಹರು ಒತ್ತಿ, ಒಂದು ಪ್ರತಿಯನ್ನು ನನಗೂ ಕೊಟ್ಟ.

ಆಲಿಕೆ ರದ್ದಾಯಿತು, ಮೊದಲ ಎಂಬತ್ತೊಂದೇ ಉಳಿಯಿತು. ತನಿಖೆಯವರು ಬಂದು ಘಟಕದ ತೊಟ್ಟಿ ಬಿಚ್ಚಿದಾಗ ಹರಳು ಬರಿ ಮಣ್ಣಿನಂತೆ ಕೈಗೆ ಬಂತಂತೆ. ಹನ್ನೆರಡನೆಯ ದಿನಕ್ಕೆ ಹೊಸ ಹರಳು ತುಂಬಿದರು, ಇಬ್ಬರು ಅಧಿಕಾರಿಗಳು ಅಮಾನತಾದರು. ಇಂಚರಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಮೊದಲ ತಿಂಗಳ ಸಹಿಗೆ ನೋಟಿಸೂ ಬಂದಿದೆ. ನನ್ನ ಕೆಲಸ ಅವತ್ತೇ ಹೋಯಿತು. ಹಾಗೆ ನೋಡಿದರೆ ಇನ್ನು ನಾನು ಅವರಿಗೆ ಉಪಯೋಗಕ್ಕೂ ಬರುತ್ತಿರಲಿಲ್ಲ. ಈಗ ಸೊನ್ನೆ ಹಿಡಿಯಲು ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಅನೌನ್ಸ್ ಮಾಡಿ ನಿವೃತ್ತರಾದವರೊಬ್ಬರನ್ನು ಇಟ್ಟುಕೊಂಡಿದ್ದಾರೆ.

ನಾನು ಮಾಡಿದ್ದು ಗೊತ್ತಾಗಿ, ಆ ಹನ್ನೆರಡು ದಿನವೂ ಇಂಚರ ನನ್ನ ಜೊತೆ ಮಾತಾಡಲಿಲ್ಲ. ಅಡುಗೆ ಮಾಡಿಟ್ಟರೆ ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಅಷ್ಟೇ. ನಾನೂ ಕ್ಷಮೆ ಕೇಳಲಿಲ್ಲ. ಕೇಳಿದರೆ ಅದೂ ಅಭ್ಯಾಸದ ಮಾತಿನ ಹಾಗೆ ಕೇಳಿಸೀತೆಂದು ಹೆದರಿಕೆ.

ಹದಿಮೂರನೆಯ ದಿನ ಅವಳು ಘಟಕದ ನಲ್ಲಿಯಿಂದ ಒಂದು ಕೊಡ ನೀರು ತಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ನಳಿಗೆಯಿಟ್ಟು, ಹನಿ ಹಾಕಿ, ಬಣ್ಣ ನೋಡಿ, ಮತ್ತೆ ಹನಿ ಹಾಕಿ ನೋಡಿದಳು. ಆಮೇಲೆ ಎರಡು ಲೋಟ ತುಂಬಿಸಿ ಒಂದನ್ನು ನನ್ನ ಕಡೆ ತಳ್ಳಿದಳು.

"ಕುಡೀಬಹುದು," ಎಂದಳು. ನಾನು ಲೋಟ ಎತ್ತಿಕೊಂಡೆ.

"ಎಷ್ಟು ಬಂತು ನಿಂದು?"

"ಯಾವ್ದು?"

"ನೀನು ಹೇಳಿದ್ದಕ್ಕೆ. ಮೀಟರಲ್ಲಿ."

"ಎಪ್ಪತ್ತೊಂಬತ್ತು."

ಅವಳು ನೀರನ್ನು ಪೂರ್ತಿ ಕುಡಿದು ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದಳು. ಗದ್ದ ಎತ್ತಿ ನನ್ನನ್ನೇ ನೋಡಿದಳು. ಆ ಗದ್ದ ನನಗೆ ಗೊತ್ತು. ಹದಿನೇಳು ದಿನ ಜೈಲಿನಲ್ಲಿ ಅದನ್ನು ಇಳಿಸದೆ ಹೊತ್ತವಳು ನಾನು.

"ನಂದು ಎಂಬತ್ತೊಂದು," ಎಂದಳು.

ಎರಡೇ ಎರಡು ಅಂಕ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಚುರ್ರೆಂದಿತು.

"ಗೊತ್ತು ಕಣೆ," ಎಂದೆ. ದನಿ ನಡುಗಿತು. ಅವಳು ಕೇಳಿಸಿಕೊಂಡಳು.